ಬಚ್ಚಲ ಬಾಗಿಲ ಬೋರ್ಡು

ನಾನು ಅಕ್ಷರ ಕಲಿತದ್ದು ಬಚ್ಚಲುಮನೆಯಲ್ಲಿ. ಹೀಗೆಂದಾಗಲೆಲ್ಲ ನನ್ನ ಮೊಮ್ಮಕ್ಕಳು, ಅಜ್ಜಿಗೆ ಅರಳುಮರಳು ಶುರುವಾಯಿತೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆದರೆ ನಡೆದದ್ದೇ ಹಾಗೆ. ನಮ್ಮಪ್ಪ ಕೊಳ್ಳೇಗಾಲದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಊರವರ ಬಾಯಲ್ಲಿ ಅವನು ಬೋರ್ಡು ನಂಜಪ್ಪ. ಅವನು ಬರೆದ ಪ್ರತಿಯೊಂದು ಬೋರ್ಡೂ ಗಿರಾಕಿಯ ಕೈ ಸೇರುವ ಮೊದಲು ಒಂದು ತಿಂಗಳು ನಮ್ಮ ಬಚ್ಚಲಿಗೆ ಬಾಗಿಲಾಗಿ ನಿಲ್ಲಬೇಕಿತ್ತು, ಅದೂ ಅಕ್ಷರವಿರುವ ಮುಖವನ್ನು ಒಳಕ್ಕೆ ಮಾಡಿಕೊಂಡು. ಹಂಡೆಯ ಹಬೆ, ಸೀಗೆಪುಡಿಯ ನೀರು, ಎಣ್ಣೆ ಕೈಯ ಒರೆತ, ನನ್ನಂಥ ಮಗು ಸಿಟ್ಟಿನಲ್ಲಿ ಎಸೆಯುವ ಚೊಂಬು, ಇಷ್ಟನ್ನೂ ತಡೆದು ಒಂದು ಅಕ್ಷರವೂ ಮುಕ್ಕಾಗದಿದ್ದರೆ ಆ ಬೋರ್ಡು ಪಾಸು. ಒಂದು ಚೂರು ಸಿಪ್ಪೆ ಎದ್ದರೂ ಎಲ್ಲವನ್ನೂ ಕೆರೆದು ಮೊದಲಿನಿಂದ ಶುರು.

"ಈ ಬಚ್ಚಲಲ್ಲಿ ಒಂದ್ ತಿಂಗ್ಳು ತಡದ್ರೆ, ಬೀದಿಲಿ ಒಂದ್ ತಲೆಮಾರು ತಡೀತದೆ ಕಣ್ರಿ," ಎಂದು ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ.

ಗಿರಾಕಿಗಳು ತಲೆದೂಗುತ್ತಿದ್ದರು. ಆ ಬಚ್ಚಲಲ್ಲಿ ಸ್ನಾನ ಮಾಡಬೇಕಾದವರು ಅವರಲ್ಲವಲ್ಲ.

ನಮ್ಮ ಮನೆ ಇದ್ದದ್ದು ರೇಷ್ಮೆ ಬಿಚ್ಚುವವರ ಬೀದಿಯಲ್ಲಿ. ಅಕ್ಕಪಕ್ಕದ ಮನೆಗಳಲ್ಲಿ ಗೂಡು ಬೇಯುವ ವಾಸನೆ, ನಮ್ಮ ಮನೆಯಲ್ಲಿ ಅಗಸೆ ಎಣ್ಣೆ ಕಾಯುವ ವಾಸನೆ. ಎರಡೂ ಸೇರಿ ಹೊಸಬರಿಗೆ ತಲೆ ತಿರುಗುತ್ತಿತ್ತು. ನಡುಮನೆಯೆಂಬುದು ಹೆಸರಿಗೆ ನಡುಮನೆ, ಅಲ್ಲಿ ಕಾಲು ಚಾಚಿ ಮಲಗುವ ಭಾಗ್ಯವಿದ್ದದ್ದು ಹೊನ್ನೆ ಮರದ ಹಲಗೆಗಳಿಗೆ. ಹನೂರಿನ ಕಡೆಯಿಂದ ಗಾಡಿಯಲ್ಲಿ ಬಂದ ಹಲಗೆಯನ್ನು ಅಪ್ಪ ಒಂದು ಮಳೆಗಾಲ ಒಂದು ಬೇಸಿಗೆ ಮುಟ್ಟುತ್ತಲೇ ಇರಲಿಲ್ಲ. ಅದು ಬಾಗುವುದೆಲ್ಲ ಬಾಗಿ, ಬಿರಿಯುವುದೆಲ್ಲ ಬಿರಿದು, ಇನ್ನು ಸುಮ್ಮನಿರುತ್ತೇನೆ ಎಂದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ, ಕಾಯಿಸಿದ ಅಗಸೆ ಎಣ್ಣೆ ಕುಡಿಸಿ, ಅದರ ಮೇಲೆ ಕೆಂಪು ಸೀಸದ ಒಂದು ಪದರ, ಸಫೇದವೆಂಬ ಬಿಳಿ ಬಣ್ಣದ ಮೂರು ಪದರ. ಒಂದು ಪದರಕ್ಕೂ ಮುಂದಿನದಕ್ಕೂ ನಡುವೆ ವಾರಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಕಪ್ಪು ಅಕ್ಷರಕ್ಕೆ ಹರಳೆಣ್ಣೆ ದೀಪದ ಮೇಲೆ ಮಡಕೆ ಬೋರಲು ಹಾಕಿ ಹಿಡಿದ ಮಸಿ, ಬರೆಯಲು ಅಳಿಲಿನ ಬಾಲದ ಕೂದಲ ಕುಂಚ. ಆಗ ನಮ್ಮೂರು ಮದ್ರಾಸು ಸೀಮೆಗೆ ಸೇರಿತ್ತು. ಕಛೇರಿಯ ಬೋರ್ಡು ಎಂದರೆ ಇಂಗ್ಲಿಷ್, ತಮಿಳು, ಜಾಗ ಉಳಿದರೆ ಕನ್ನಡ. ಅಪ್ಪನಿಗೆ ಮೂರು ಲಿಪಿಯೂ ಬರುತ್ತಿತ್ತು, ಓದಲು ಬರುತ್ತಿದ್ದದ್ದು ಒಂದೇ. ಮದ್ರಾಸಿನಿಂದ ಬರುತ್ತಿದ್ದ ಡಬ್ಬಿ ಬಣ್ಣವನ್ನು ಮಾತ್ರ ಅವನು ಬಣ್ಣವೆಂದೇ ಕರೆಯಲಿಲ್ಲ, ಸುಣ್ಣದ ನೀರು ಎನ್ನುತ್ತಿದ್ದ.

ಎಣ್ಣೆ ಕಾಯಿಸಲು ಅವನಿಗೆ ಬೇರೆ ಒಲೆ ಇರಲಿಲ್ಲ, ಅಡಿಗೆಮನೆಯದೇ ಗತಿ. ಅವನ ಎಣ್ಣೆ ಕಾಯುವವರೆಗೆ ಹಿಟ್ಟಿನ ಮಡಕೆ ಕೆಳಗಿರಬೇಕು. ಒಮ್ಮೊಮ್ಮೆ ಅವಸರದಲ್ಲಿ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಎಣ್ಣೆ ಸುರಿದುಬಿಡುತ್ತಿದ್ದ. ಅವನ ತಾಯಿ, ನಮ್ಮಜ್ಜಿ, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವಳು ಹಾಗೇ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು.

"ಲೋ ನಂಜ, ಇದೇನ್ಲಾ ಸಾರು? ಅಲಗೆ ನೆಕ್ದಂಗದಲ್ಲ!"

"ಉಣ್ಣಮ್ಮ, ಗಟ್ಟಿಯಾಯ್ತೀಯ."

ಅಜ್ಜಿ ತೊಂಬತ್ತು ದಾಟಿ ಬದುಕಿದಳು. ಅಗಸೆ ಎಣ್ಣೆಯೇ ಅದಕ್ಕೆ ಕಾರಣವೆಂದು ಅಪ್ಪ ಕೊನೆವರೆಗೂ ನಂಬಿದ್ದ.

ಎಣ್ಣೆಯ ಜಗಳ ಸಣ್ಣದು. ದೊಡ್ಡ ಜಗಳ ಬಾಗಿಲಿನದು. ಬಣ್ಣ ಕುಡಿದ ಹಲಗೆಗೆ ಮೊಳೆ ಹೊಡೆದರೆ ಆ ತೂತಿನಿಂದ ನೀರಿಳಿದು ಬೋರ್ಡು ಒಳಗಿನಿಂದಲೇ ಸಾಯುತ್ತದೆ ಎಂದು ಅಪ್ಪ ನಂಬಿದ್ದ. ಆದ್ದರಿಂದ ಬಣ್ಣಕ್ಕೆ ಮೊದಲೇ ಅಂಚಿಗೆ ಕಬ್ಬಿಣದ ಬಳೆಗಳನ್ನು ಕೂರಿಸಿಬಿಡುತ್ತಿದ್ದ. ಉದ್ದದ ಅಂಚಿಗೆ ಎರಡು ಬಳೆ, ಅವು ಗಿರಾಕಿಯ ಅಂಗಡಿಗೆ. ಗಿಡ್ಡದ ಅಂಚಿಗೆ ಎರಡು ಬಳೆ, ಅವು ನಮ್ಮ ಬಚ್ಚಲಿಗೆ. ಬಚ್ಚಲ ತೊಲೆಯಲ್ಲಿದ್ದ ಎರಡು ಕೊಕ್ಕೆಗೆ ಆ ಬಳೆ ಸಿಕ್ಕಿಸಿದರೆ ಆಯಿತು ಬಾಗಿಲು. ಕೀಲಿಲ್ಲ, ಚಿಲಕವಿಲ್ಲ. ಗಾಳಿ ಬಂದರೆ ಕೆಳಭಾಗ ಎದ್ದು ಬಡಿದುಕೊಳ್ಳುತ್ತಿತ್ತು, ಸ್ನಾನ ಮಾಡುವವರು ನೀರಿನ ಕೊಡ ಒತ್ತರಿಸಿಟ್ಟು ಒಂದು ಕಾಲಲ್ಲಿ ಅದನ್ನು ಹಿಡಿದುಕೊಳ್ಳಬೇಕು. ವಕೀಲರ ಬೋರ್ಡು ಚಿಕ್ಕದು, ಅದು ತೂಗುತ್ತಿದ್ದ ತಿಂಗಳು ಮೊಣಕಾಲ ಕೆಳಗಿನದೆಲ್ಲ ಹಿತ್ತಲಿಗೆ ಕಾಣುತ್ತಿತ್ತು, ಅವ್ವ ಹಳೇ ಸೀರೆ ಕಟ್ಟಿ ಮಾನ ಮುಚ್ಚುತ್ತಿದ್ದಳು. ಉದ್ದುದ್ದ ತೂಗುತ್ತಿದ್ದರಿಂದ ಅಕ್ಷರಗಳೆಲ್ಲ ಪಕ್ಕಕ್ಕೆ ಮಲಗಿರುತ್ತಿದ್ದವು. ನಾನು ತಲೆಗೆ ನೀರು ಹಾಕಿಸಿಕೊಳ್ಳುತ್ತಾ ಕತ್ತು ವಾಲಿಸಿ ಒಂದೊಂದಾಗಿ ಕೂಡಿಸಿ ಓದಿದೆ. "ಇಲ್ಲಿ ಒಳ್ಳೆಯ ಕಾಫಿ ದೊರೆಯುತ್ತದೆ" ಎಂಬುದು ನಾನು ಓದಿದ ಮೊದಲ ವಾಕ್ಯ. ಶಾಲೆಗೆ ಸೇರಿದಾಗ ಕಪ್ಪು ಹಲಗೆಯ ಮುಂದೆ ಕತ್ತು ವಾಲಿಸಿ ನಿಂತ ನನ್ನನ್ನು ನೋಡಿ ಮೇಷ್ಟ್ರು, ಉಳುಕಿದ್ದರೆ ಎಣ್ಣೆ ತಿಕ್ಕಿಸಿಕೊಂಡು ಬಾ ಎಂದು ಮನೆಗೆ ಕಳಿಸಿದ್ದರು. ಇವತ್ತಿಗೂ ಯಾವ ಬೋರ್ಡು ಕಂಡರೂ ನನ್ನ ತಲೆ ಎಡಕ್ಕೇ ವಾಲುತ್ತದೆ.

ತಿಂಗಳು ತುಂಬಿದ ಕೂಡಲೇ ಗಿರಾಕಿ ಬರುತ್ತಿದ್ದ. ಬೋರ್ಡು ಎಲ್ಲಿರುತ್ತದೆಂದು ಊರಿಗೆಲ್ಲ ಗೊತ್ತು. ಸೀದಾ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಬಂದು ಒಂದೇ ಕೂಗು:

"ನಂಜಪ್ಪಾರೇ, ಬೋರ್ಡು ಒಣಗ್ತಾ?"

ಒಳಗಿದ್ದವರು ಆ ಕೂಗಿಗೆ ಹಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಡಬೇಕು. ಅಷ್ಟರಲ್ಲಿ "ಒಂದ್ ನಿಮ್ಸ, ಒಂದ್ ನಿಮ್ಸ!" ಎಂದು ಕಿರುಚಿಕೊಂಡರೆ ಬಾಗಿಲು ಉಂಟು, ಇಲ್ಲವಾದರೆ ಇಲ್ಲ. ಅವ್ವ ಧನಗೆರೆಯಿಂದ ಮದುವೆಯಾಗಿ ಬಂದ ಮೂರನೆಯ ದಿನ, ಅರಿಸಿನದ ಮೈಯಲ್ಲಿ ಸ್ನಾನಕ್ಕಿಳಿದಾಗ ಸೋಡಾ ಅಂಗಡಿಯವರು ಬಂದು ಬಾಗಿಲನ್ನು ಎತ್ತಿಕೊಂಡು ಹೋಗಿದ್ದರಂತೆ. ಅವರ ತಪ್ಪೇನೂ ಇಲ್ಲ, ಒಳಗೆ ಯಾರೋ ಇದ್ದಾರೆಂದು ಗೊತ್ತಾದಾಗ ಕಣ್ಣು ಮುಚ್ಚಿಕೊಂಡೇ ಎತ್ತಿಕೊಂಡು ಹೋದರಂತೆ. ಹಂಡೆಯ ಹಿಂದೆ ಅವತ್ತು ಕೂತ ಹದಿನಾರರ ಹುಡುಗಿಗೆ ಆದ ಅವಮಾನ ಅವ್ವನ ಮೈಯಿಂದ ಆಮೇಲೂ ಹೋಗಲಿಲ್ಲ. ಅವಳ ಸ್ನಾನವೆಂದರೆ ನಾಲ್ಕು ಚೊಂಬು, ಅಷ್ಟೇ. ಕಿವಿ ಯಾವಾಗಲೂ ಓಣಿಯ ಕಡೆಗೆ. ನೀರು ಸುರಿದುಕೊಳ್ಳುವ ನಡುವೆ ಕೈ ತಡೆದು ಆಲಿಸುತ್ತಿದ್ದಳು. ಅಪ್ಪನ ಮುಂದೆ ಅವಳು ಇಟ್ಟಿದ್ದ ಬೇಡಿಕೆ ಒಂದೇ ಒಂದು.

"ನಂಗೆ ಒಡ್ವೆ ಬ್ಯಾಡ, ಸೀರೆ ಬ್ಯಾಡ. ಕೀಲು ಚಿಲ್ಕ ಇರೋ ಒಂದು ಬಾಗ್ಲು ಆಕ್ಸ್‌ಕೊಡಿ. ನಾನ್ ಒಳಗಿರೋವಾಗ ಯಾರೂ ಎತ್ಕಂಡ್ ಓಗ್ಬಾರ್ದು, ಅಷ್ಟೇಯ."

"ಆಯ್ತು ಕಣೆ. ಈ ಬೋರ್ಡ್ ಒಂದು ಓಗ್ಲಿ."

ಆ ಬೋರ್ಡು ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು. ಬೇರೆ ಬಾಗಿಲು ಹಾಕಿಸಿಬಿಟ್ಟರೆ ಬೋರ್ಡನ್ನು ಒರೆ ಹಚ್ಚುವುದೆಲ್ಲಿ ಎನ್ನುವುದು ಅಪ್ಪನ ಕಷ್ಟ. ಹೀಗೆ ವರ್ಷಗಳು ಉರುಳಿದವು.

ಆಗ ಬಂತು ತಿಮ್ಮಯ್ಯನ ಬೋರ್ಡು. ಹನೂರಿನ ಕಡೆಯ ಈಚಲು ತೋಪುಗಳ ಗುತ್ತಿಗೆದಾರ ತಿಮ್ಮಯ್ಯ ಕೊಳ್ಳೇಗಾಲದಲ್ಲಿ ಹೆಂಡದ ಅಂಗಡಿ ತೆರೆಯುವವನಿದ್ದ. ದುಡ್ಡನ್ನು ಮುಂಗಡವಾಗಿಯೇ ಕೊಟ್ಟು ಊರಲ್ಲೇ ದೊಡ್ಡ ಬೋರ್ಡು ಬೇಕೆಂದ. ಆರಡಿ ಉದ್ದ, ಎರಡೂವರೆ ಅಡಿ ಅಗಲ. ಬಚ್ಚಲಿಗೆ ತೂಗುಹಾಕಿದಾಗ ಅವ್ವ ಅದರ ಸುತ್ತ ಬೆರಳಾಡಿಸಿ ನೋಡಿದಳು. ಮೇಲೆ ಸಂದಿಲ್ಲ, ಕೆಳಗೆ ಸಂದಿಲ್ಲ, ಪಕ್ಕದಲ್ಲಿ ಇರುವೆ ನುಸುಳಬೇಕು. ಅಳತೆ ಕೊಟ್ಟು ಮಾಡಿಸಿದರೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಅದರ ತಿಂಗಳು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಮದ್ರಾಸು ಸರ್ಕಾರ ನಮ್ಮ ಕಡೆ ಪಾನನಿಷೇಧ ತಂದಿತು. ಹೆಂಡವೂ ಇಲ್ಲ, ಅಂಗಡಿಯೂ ಇಲ್ಲ, ತಿಮ್ಮಯ್ಯನ ಪತ್ತೆಯೂ ಇಲ್ಲ. ಊರಲ್ಲಿ ಎಷ್ಟೋ ಹೆಂಗಸರು ಗಂಡ ಸರಿಹೋದನೆಂದು ಆ ಸರ್ಕಾರಕ್ಕೆ ಕೈಮುಗಿದರು. ನಮ್ಮವ್ವ ಬಾಗಿಲು ಸಿಕ್ಕಿತೆಂದು ಕೈಮುಗಿದಳು.

ಮಲಗಿದ ಅಕ್ಷರಗಳನ್ನು ನಾನು ಮೊದಲ ದಿನವೇ ಕೂಡಿಸಿ ಓದಿದ್ದೆ: "ಲೈಸೆನ್ಸ್ ಪಡೆದ ಹೆಂಡದ ಅಂಗಡಿ." ನಮ್ಮದು ಶಿವಪೂಜೆಯಾಗದೆ ನೀರು ಮುಟ್ಟದ ಮನೆ. ಅಜ್ಜಿಯಂತೂ ಕುಡಿದವನ ನೆರಳು ಜಗುಲಿಯ ಮೇಲೆ ಬಿದ್ದರೆ ನೀರು ಹಾಕಿ ತೊಳೆಸುವವಳು. ಓದಲು ಬಾರದ ಅವಳು ಒಂದು ದಿನ ಒದ್ದೆ ಸೀರೆಯಲ್ಲೇ ಹೊರಬಂದು ಕೇಳಿದಳು:

"ಲೋ ನಂಜ, ಇಷ್ಟ್ ದೊಡ್ಡದಾಗಿ, ಇಷ್ಟ್ ಚೆಂದಾಗಿ ಏನ್ಲಾ ಬರ್ದಿದ್ದೀಯ?"

ಅಪ್ಪ ಕುಂಚ ತೊಳೆಯುತ್ತಿದ್ದ. ನಿಜ ಹೇಳಿದರೆ ಬೋರ್ಡೂ ಹೊರಗೆ, ತಾನೂ ಹೊರಗೆ. ತಲೆ ಎತ್ತದೆ, "ಮಾದಪ್ಪನ ಹೆಸ್ರು ಕಣಮ್ಮ," ಎಂದುಬಿಟ್ಟ.

ಅವತ್ತಿನಿಂದ ಅಜ್ಜಿ ಮೊದಲ ಚೊಂಬು ನೀರು ತಲೆಗೆ ಹಾಕಿಕೊಂಡು, ಬಾಗಿಲ ಕಡೆ ತಿರುಗಿ ಎರಡೂ ಕೈ ಜೋಡಿಸಿ "ಮಾದಪ್ಪಾ, ಮಲೆಯಲ್ಲಿರೋನೇ, ಕಾಯಪ್ಪಾ" ಎನ್ನತೊಡಗಿದಳು. ಹಬ್ಬದ ದಿನ ಅದಕ್ಕೊಂದು ವಿಭೂತಿಯ ಗೆರೆಯೂ ಬಿತ್ತು. ಅಜ್ಜಿಯ ಜೊತೆ ಸ್ನಾನಕ್ಕೆ ಹೋದಾಗ ನಾನೂ ಕೈಮುಗಿಯಬೇಕಿತ್ತು. ನನಗೆ ನಗು ಬಂದರೆ ಅಜ್ಜಿ ಬೆನ್ನಿಗೊಂದು ಬಿಡುತ್ತಿದ್ದಳು. ತಾಳಲಾರದೆ ಅವ್ವನಿಗೆ ಹೇಳಿದೆ. ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಿತ್ತ ನೋಡಿದಳು.

"ಬಾಯ್ ಬುಟ್ಟೀಯ ಕೂಸೇ, ಜ್ವಾಕೆ. ಬಾಗ್ಲು ಓಯ್ತದೆ."

ಹೀಗೆ ಅಪ್ಪನ ಸುಳ್ಳು, ಅವ್ವನ ಗುಟ್ಟು ಎರಡನ್ನೂ ನಾನೇ ಹೊತ್ತುಕೊಂಡು ಶಾಲೆಗೆ ಹೋಗಿಬರುತ್ತಿದ್ದೆ. ಎರಡು ವರ್ಷ ಯಾರೂ ಓಣಿಯಲ್ಲಿ ನಿಂತು ಕೂಗಲಿಲ್ಲ. ಹೊಸ ಬೋರ್ಡುಗಳನ್ನು ಅಪ್ಪ ಈ ಬಾಗಿಲಿನ ಒಳಮೈಗೇ ಹಗ್ಗದಲ್ಲಿ ತೂಗುಹಾಕಿ ಒರೆ ಹಚ್ಚುವುದನ್ನು ಕಲಿತ. ತಿಂಗಳು ತುಂಬಿದ್ದನ್ನು ತಾನೇ ಬಿಚ್ಚಿ ಜಗುಲಿಗೆ ತಂದಿಡುತ್ತಿದ್ದ. ಕೀಲು ಚಿಲಕ ಮಾತ್ರ ಇನ್ನೂ ಬಂದಿರಲಿಲ್ಲ. "ಮೊಳೆ ಒಡದ್ರೆ ಬೋರ್ಡು ಸಾಯ್ತದೆ" ಎಂಬ ಮಾತಿನಿಂದ ಅಪ್ಪ ಕದಲಲಿಲ್ಲ. ಆದರೂ ಅವ್ವನ ಸ್ನಾನ ನಾಲ್ಕು ಚೊಂಬಿನಿಂದ ಆರಕ್ಕೆ ಏರಿತ್ತು.

ಮೂರನೆಯ ವರ್ಷ ಒಂದು ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬೀದಿ ಬಾಗಿಲಲ್ಲಿ ದಪ್ಪ ದನಿ ಕೇಳಿಸಿತು.

"ನಂಜಪ್ಪಾರೇ, ನಾನು ತಿಮ್ಮಯ್ಯ. ಯಳಂದೂರಲ್ಲಿ ಅಂಗ್ಡಿ ಸಿಕ್ತು. ನನ್ ಬೋರ್ಡು ಓಯ್ತೀನಿ ಅಂತ ಬಂದೆ ಸಾ."

ಯಳಂದೂರು ಮೈಸೂರು ಸೀಮೆ. ಅಲ್ಲಿ ಹೆಂಡಕ್ಕೆ ಅಡ್ಡಿಯಿರಲಿಲ್ಲ. ಅವ್ವ ಮೊರವನ್ನು ಅಲ್ಲೇ ಬಿಟ್ಟು, ಸೆರಗು ಸಿಕ್ಕಿಸಿ, ಬಚ್ಚಲಿಗೆ ನುಗ್ಗಿದಳು. ಮರುಕ್ಷಣವೇ ಒಳಗೆ ನೀರು ಸುರಿಯುವ ಸದ್ದು. ಅವಳು ಬೆಳಗಾಗುತ್ತಲೇ ಮಿಂದಿದ್ದಳು, ಒಣಗಿದ ಸೀರೆಯನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಅಪ್ಪ ಬಂದು ಬಾಗಿಲ ಹೊರಗೆ ನಿಂತು ಕೆಮ್ಮಿದ.

"ಆಯ್ತೇನೆ ಸ್ನಾನ?"

"ಇಲ್ಲ."

ತಿಮ್ಮಯ್ಯ ಜಗುಲಿಯಲ್ಲಿ ಕೂತ. ಅಪ್ಪ ಎಲೆಯಡಿಕೆ ಕೊಟ್ಟ. ಎಲೆಯಡಿಕೆ ಮುಗಿಯಿತು, ಒಳಗೆ ಚೊಂಬಿನ ಸದ್ದು ನಿಲ್ಲಲಿಲ್ಲ. ಹಂಡೆ ಬರಿದಾದಾಗ "ಕೂಸೇ, ನೀರು!" ಎಂಬ ಅಪ್ಪಣೆ ಬಂತು. ನಾನು ಬಾವಿಯಿಂದ ಸೇದಿ ಸೇದಿ, ಬಾಗಿಲ ಕೆಳಗನ್ನು ಸ್ವಲ್ಪವೇ ಎತ್ತಿ ಕೊಡ ತಳ್ಳುತ್ತಿದ್ದೆ. ಒಂದು ಸಲ ಬಗ್ಗಿ ನೋಡಿದರೆ ಅವ್ವ ಉಟ್ಟ ಸೀರೆಯಲ್ಲೇ ಹಂಡೆಯ ಕಟ್ಟೆಯ ಮೇಲೆ ಕೂತು, ಒಂದು ಕಾಲನ್ನು ಬಾಗಿಲಿಗೆ ಒದ್ದು ಹಿಡಿದು, ಚೊಂಬು ಚೊಂಬು ನೀರನ್ನು ಗೋಡೆಗೆ ಎರಚುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ನಾನು ಇನ್ನೊಂದು ಕೊಡಕ್ಕೆ ಓಡಿದೆ. ಬಿಸಿಲು ಅಂಗಳಕ್ಕೆ ಬಂತು. ಮಧ್ಯಾಹ್ನದ ಬಸ್ಸು ತಪ್ಪುತ್ತದೆಂದು ತಿಮ್ಮಯ್ಯ ಎದ್ದು ನಿಂತ.

"ಇಷ್ಟೊತ್ತು ನಮ್ಮೂರ್ ಎಮ್ಮೇನೂ ಮೈ ತೊಳ್ಕಳಕಿಲ್ಲ ಸಾ. ನನ್ ಎಂಡದಂಗ್ಡಿ ಬೋರ್ಡು ಕೊಟ್ಬುಡಿ, ಓಯ್ತೀನಿ."

ಅಪ್ಪ ಅವನ ಬಾಯಿ ಮುಚ್ಚಿಸುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ಜಗುಲಿಯ ಇನ್ನೊಂದು ತುದಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿಯ ಬೆರಳು ನಿಂತಿತು.

"ಯಾವ ಬೋರ್ಡು?"

ಬಚ್ಚಲಲ್ಲಿ ನೀರಿನ ಸದ್ದೂ ನಿಂತಿತು. ಅಜ್ಜಿ ಮಗನ ಮುಖ ನೋಡಿದಳು. ಅಪ್ಪ ಅಂಗಳದ ಇರುವೆ ನೋಡಿದ. ಬಾಗಿಲು ಬೀದಿಗೆ, ಅಪ್ಪ ಹಿತ್ತಲಿಗೆ, ಅವ್ವ ತವರಿಗೆ ಎಂದು ನಾನು ಲೆಕ್ಕ ಹಾಕಿಬಿಟ್ಟೆ. ಅಜ್ಜಿ ಎಲೆ ಮಡಿಸಿ ಬಾಯಿಗಿಟ್ಟು, ನಿಧಾನವಾಗಿ ಅಗಿದು, ಉಗುಳಿ ಬಂದು ತಿಮ್ಮಯ್ಯನ ಎದುರು ನಿಂತಳು.

"ಎರ್ಡು ವರ್ಸ ದಿನಾ ಕೈ ಮುಗ್ದಿವ್ನಿ ಕಣಪ್ಪ ಅದ್ಕೆ. ಈಬೂತಿ ಇಟ್ಟಿವ್ನಿ. ನನ್ ಸೊಂಟ ನೋವು ಓದದ್ದು ಆ ಬಾಗ್ಲ ಮುಂದೆ ಬೇಡ್ಕಂಡ್ ಮ್ಯಾಲೆ. ಇವ ಏನಾರ ಬರ್ಕಳ್ಳಿ, ನಾನ್ ಮುಗ್ದಿದ್ದು ಮಾದಪ್ಪಂಗೆ. ಅದ ತಕಂಡೋಗಿ ಎಂಡದಂಗ್ಡಿಗೆ ತೂಗಾಕ್ತೀಯಾ? ತಕಂಡೋಗು. ಬೆಟ್ಟ ಇಲ್ಲಿಂದ ಎಷ್ಟ್ ದೂರ ಅಂತ ನಿಂಗೇ ಗೊತ್ತಲ್ಲ."

ಹನೂರಿನವನಿಗೆ ಮಾದಪ್ಪನ ಬೆಟ್ಟ ಎಷ್ಟು ದೂರವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಿಮ್ಮಯ್ಯ ಚಪ್ಪಲಿ ಕಳಚಿ, ಬಚ್ಚಲ ಕಡೆ ತಿರುಗಿ, ಗಲ್ಲ ಗಲ್ಲ ಬಡಿದುಕೊಂಡ.

"ತಪ್ಪಾಯ್ತು ಕಣವ್ವ, ನಂಗ್ ಬ್ಯಾಡವೇ ಬ್ಯಾಡ. ನಂಜಪ್ಪಾರೇ, ಬ್ಯಾರೆ ಬರ್ಕೊಡಿ. ಎಂಟ್ ದಿನಕ್ಕೆ ಅಂಗ್ಡಿ ತಗೀಬೇಕು."

"ಎಂಟ್ ದಿನಕ್ಕಾ? ಬಚ್ಚಲಲ್ಲಿ ಒಂದ್ ತಿಂಗ್ಳು ಇರ್ಲೇಬೇಕು!"

"ಬಚ್ಚಲೂ ಬ್ಯಾಡ ಏನೂ ಬ್ಯಾಡ ಸಾ. ಕುಡಿಯಕ್ ಬರೋರು ಬೋರ್ಡ್ ನೋಡ್ಕಂಡ್ ಬತ್ತಾರಾ?"

ಅಪ್ಪನಿಗೆ ಆ ಮಾತು ಹೆಂಡಕ್ಕಿಂತ ಹೆಚ್ಚು ಕಹಿಯಾಯಿತು. ಆದರೆ ದುಡ್ಡು ತೆಗೆದುಕೊಂಡಾಗಿತ್ತು. ಮೂರು ಪದರದ ಸಫೇದ ಹಾಕಿ ಸಿದ್ಧವಾಗಿದ್ದ ಹಲಗೆಯೊಂದಕ್ಕೆ ಅಕ್ಷರ ಬರೆದು, ಬಚ್ಚಲ ಮುಖವನ್ನೇ ತೋರಿಸದೆ ಎಂಟನೆಯ ದಿನ ಬಸ್ಸಿನ ಮೇಲೆ ಹಾಕಿ ಕಳಿಸಿದ. ತನ್ನ ಜೀವಮಾನದಲ್ಲಿ ಒರೆ ಹಚ್ಚದೆ ಹೊರಗೆ ಬಿಟ್ಟ ಮೊದಲ ಬೋರ್ಡು. "ಒಂದ್ ಮಳೆಗೆ ಸಿಪ್ಪೆ ಏಳ್ತದೆ, ನೋಡ್ತಿರು," ಎಂದು ಅವ್ವನಿಗೆ ಹೇಳಿದ. ಅವ್ವ ಒದ್ದೆ ಸೀರೆ ಒಣಗಿಸುತ್ತಿದ್ದಳು. ಬಾಗಿಲು ಉಳಿದ ದಿನದಿಂದ ಅವಳು ಅತ್ತೆಗೆ ಎರಡು ಹನಿ ಹೆಚ್ಚು ತುಪ್ಪ ಬಡಿಸುತ್ತಿದ್ದಳು.

ಮೊದಲ ಮಳೆ ಕಳೆದ ವಾರವೇ ಅಪ್ಪ ಯಳಂದೂರಿಗೆ ಹೊರಟ, ನನ್ನನ್ನೂ ಕರೆದುಕೊಂಡು. ತಿಮ್ಮಯ್ಯನ ಅಂಗಡಿಯ ಎದುರಿಗೇ ಒಂದು ಕಾಫಿ ಹೋಟೆಲು. ನನಗೆ ಇಡ್ಲಿ ಕೊಡಿಸಿ, ತಾನು ಲೋಟ ಹಿಡಿದು ಎದುರಿನ ಬೋರ್ಡನ್ನೇ ನೋಡುತ್ತಾ ಕೂತ. ಬಿಳಿ ಬೆಳ್ಳಗಿತ್ತು, ಕಪ್ಪು ಕರ್ರಗಿತ್ತು.

"ಅತ್ರ ಓಗಿ ನೋಡ್ಕಂಡ್ ಬಾ ಕೂಸೇ. ಅಕ್ಸರದ ಬುಡ್ದಲ್ಲಿ ಸಿಪ್ಪೆ ಎದ್ದಿರ್ತದೆ."

ನಾನು ಹೆಂಡದಂಗಡಿಯ ಮುಂದೆ ನಿಂತು ಕತ್ತು ಎಡಕ್ಕೆ ವಾಲಿಸಿ ಅಕ್ಷರ ಅಕ್ಷರ ನೋಡಿದೆ. ಕುಡಿಯುತ್ತಾ ಕೂತಿದ್ದವರು ನನ್ನನ್ನು ನೋಡಿ ತಾವೂ ಕತ್ತು ವಾಲಿಸಿದರು.

"ಇಲ್ಲಪ್ಪ. ಚೆನ್ನಾಗದೆ."

"ಸರ್ಯಾಗಿ ನೋಡ್ದಾ?"

"ನೋಡ್ದೆ."

ತನ್ನ ಕೆಲಸ ಚೆನ್ನಾಗಿದೆ ಎಂಬ ಮಾತಿಗೆ ಅಷ್ಟು ಸಪ್ಪಗಾದ ಮನುಷ್ಯನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಹೋದೆವು, ಮಳೆಯ ನಂತರ ಮತ್ತೊಮ್ಮೆ. ಆಮೇಲೆ ತಿಂಗಳಿಗೊಮ್ಮೆ ಏನಾದರೂ ನೆಪ. ಬೋರ್ಡು ಮಿಸುಕಲಿಲ್ಲ. ಬಚ್ಚಲ ಹಬೆಯನ್ನೇ ಕಾಣದ ಬೋರ್ಡು, ಬಚ್ಚಲು ಕಂಡ ಯಾವ ಬೋರ್ಡಿಗೂ ಕಡಿಮೆಯಿಲ್ಲದಂತೆ ನಿಂತಿತ್ತು. ಗಟ್ಟಿತನ ಮರದಲ್ಲಿತ್ತು, ಎಣ್ಣೆಯಲ್ಲಿತ್ತು, ಅಪ್ಪನ ತಾಳ್ಮೆಯಲ್ಲಿತ್ತು, ಬಚ್ಚಲಲ್ಲಿ ಏನೇನೂ ಇರಲಿಲ್ಲ. ಮೂರನೆಯ ಸಲ ವಾಪಸು ಬರುವ ಬಸ್ಸಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು, "ನಿಮ್ಮವ್ವಂಗೆ ಏಳ್ಬ್ಯಾಡ," ಎಂದ. ನಾನು ಆಗಲಿ ಎಂದೆ.

ಆದರೆ ಆ ಕಾಲದಲ್ಲಿ ಕೊಳ್ಳೇಗಾಲದಿಂದ ಯಳಂದೂರಿಗೆ ಕೆಲಸವಿಲ್ಲದೆ ಹೋಗುವ ಗಂಡಸರಿಗೆ ಇದ್ದದ್ದು ಒಂದೇ ಕೆಲಸ. ನಂಜಪ್ಪ ಹೆಂಡದಂಗಡಿಯನ್ನು ಗಂಟೆಗಟ್ಟಲೆ ದಿಟ್ಟಿಸುತ್ತಾ ಕೂತಿರುತ್ತಾನೆ, ಮಗಳನ್ನೂ ಒಳಗೆ ಕಳಿಸುತ್ತಾನೆ ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ನಮ್ಮ ಬೀದಿ ಸೇರಿತು. ಯಳಂದೂರಿಂದ ಬಂದವನು ಬಚ್ಚಲಲ್ಲಿ ಮಿಂದೇ ಒಳಗೆ ಬರಬೇಕೆಂದು ಅಜ್ಜಿ ಕಟ್ಟುಮಾಡಿದಳು. ಅವ್ವ ಅಪ್ಪನನ್ನು ನೇರವಾಗಿ ಕೇಳಿದಳು:

"ಕುಡೀತೀರಾ?"

ಅಪ್ಪ ಇಲ್ಲ ಎನ್ನಲಿಲ್ಲ. ಇಲ್ಲ ಎಂದರೆ ಮತ್ತೇಕೆ ಹೋಗುತ್ತೀರಿ ಎಂಬ ಪ್ರಶ್ನೆ ಬರುತ್ತದಲ್ಲ. ಅಷ್ಟು ವರ್ಷ ಹೆಂಡತಿಯನ್ನು ಹಂಡೆಯ ಹಿಂದೆ ಕೂರಿಸಿದ್ದು ದಂಡ ಎಂದು ಒಪ್ಪಿಕೊಳ್ಳುವುದಕ್ಕಿಂತ ಕುಡುಕನೆನ್ನಿಸಿಕೊಳ್ಳುವುದೇ ಮೇಲು ಎನಿಸಿರಬೇಕು. ತಲೆ ತಗ್ಗಿಸಿ ಮಿಂದು ಬಂದು ಉಂಡ. ಅವ್ವ ಮಾತ್ರ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಒಲೆಯ ಮುಂದೆ ಕೂತು ಉರಿ ನೋಡುತ್ತಿದ್ದ ಅವಳ ಬೆನ್ನು ನೋಡಿ ನನಗೆ ಅಳು ಬಂತು. ಅಪ್ಪನಿಗೆ ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಒಲೆಯ ಕಡೆಯಿಂದ ನನ್ನತ್ತ ತಿರುಗಿದಳು.

"ಕುಡಿಯಕ್ಕಲ್ವಾ?"

"ಅಲ್ಲವ್ವ. ಕಾಫಿ ಕುಡೀತಾರೆ."

"ಬೋರ್ಡು ಉದುರಿಲ್ವಾ?"

"ಇಲ್ಲ."

ಅವಳು ಅಳುತ್ತಾಳೋ ನಗುತ್ತಾಳೋ ಎಂದು ಕಾದೆ. ಎರಡೂ ಮಾಡದೆ ಎರಡು ಮುದ್ದೆ ಉಂಡಳು.

ಮುಂದಿನ ತಿಂಗಳು ಅಪ್ಪ ಯಳಂದೂರಿಂದ ಬಂದವನು ಅಜ್ಜಿಯ ಕಟ್ಟಿನಂತೆ ಸೀದಾ ಬಚ್ಚಲಿಗೆ ಹೋದ. ಅವ್ವ ಹಿತ್ತಲಲ್ಲಿ ಮೊರ ಹಿಡಿದು ಕೂತಿದ್ದಳು. ಒಳಗೆ ಮೈಗೆ ಸೀಗೆ ತಿಕ್ಕುವ ಸದ್ದು ಕೇಳಿದ್ದೇ ತಡ, ಮೊರ ಕೆಳಗಿಟ್ಟು ಎದ್ದಳು. ಬಾಗಿಲ ಎರಡೂ ಅಂಚು ಹಿಡಿದು, ಕೊಕ್ಕೆಯಿಂದ ಬಳೆ ಬಿಡಿಸಿ, ಆರಡಿಯ ಬೋರ್ಡನ್ನು ಸೊಂಟಕ್ಕೆ ಆನಿಸಿಕೊಂಡು ಗಟ್ಟಿಯಾಗಿ ಕೂಗಿದಳು:

"ನಂಜಪ್ಪಾರೇ, ಬೋರ್ಡು ಒಣಗ್ತಾ?"

"ಒಂದ್ ನಿಮ್ಸ! ಒಂದ್ ನಿಮ್ಸ!" ಎನ್ನುತ್ತಾ ಅಪ್ಪ ಹಂಡೆಯ ಹಿಂದೆ ಕುಕ್ಕರಿಸಿದ. ಕೂಗಿದವರು ಯಾರೆಂದು ಅವನಿಗೆ ಆಮೇಲೆ ತಿಳಿಯಿತು. ಅವ್ವ ಬೋರ್ಡನ್ನು ಬಾವಿಕಟ್ಟೆಗೆ ಒರಗಿಸಿ ಮತ್ತೆ ಅಕ್ಕಿಯ ಮುಂದೆ ಕೂತಳು.

"ಯಳಂದೂರ್ದು ಉದುರಿಲ್ವಂತೆ."

ಹಂಡೆಯ ಹಿಂದೆ ಚೊಂಬು ನೆಲಕ್ಕಿಟ್ಟ ಸದ್ದಾಯಿತು.

"ಇಲ್ಲ ಕಣೆ."

"ಒಂದಕ್ಸರಾನೂ?"

"ಒಂದೂ ಇಲ್ಲ."

"ಕುಡ್ಕಂಡ್ ಬಂದಿದ್ರೆ ಎಷ್ಟೋ ಚೆನ್ನಾಗಿತ್ತು," ಎಂದಳು ಅವ್ವ.

ಜಗುಲಿಯ ಮೇಲಿದ್ದ ಅಜ್ಜಿ ಎದ್ದು ಬಂದು, ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಅವ್ವ ಅಕ್ಕಿಯನ್ನು ಅವತ್ತು ಆರಿಸಿದಷ್ಟು ಚೊಕ್ಕವಾಗಿ ಎಂದೂ ಆರಿಸಿರಲಿಲ್ಲ. ಅದು ಮುಗಿಯುವವರೆಗೆ ಅಪ್ಪ ಹಂಡೆಯ ಹಿಂದೆ ಕೂತಿದ್ದ.

ಮರುದಿನ ಅಪ್ಪ ಸಂತೆಯಿಂದ ಮೂರು ಕೀಲು, ಒಂದು ಚಿಲಕ ತಂದ. ಬಡಗಿಯನ್ನು ಕರೆಯಲಿಲ್ಲ. ಬೋರ್ಡನ್ನು ಅಂಗಳದಲ್ಲಿ ಮಲಗಿಸಿ ನನ್ನನ್ನು ಹಿಡಿದುಕೊಳ್ಳಲು ಹೇಳಿದ. ಗೆರೆ ಹಾಕದೆ ನೇರ ಬರೆಯುತ್ತಿದ್ದವನು ಮೊದಲ ತಿರುಪನ್ನಿಡಲು ಮೂರು ಸಲ ಗುರುತು ಹಾಕಿ ಒರೆಸಿದ. ಆ ತಿರುಪು "ಹೆಂಡದ" ಎಂಬ ಅಕ್ಷರಗಳ ನಡುವೆಯೇ ಇಳಿಯಿತು.

"ನೀರಿಳೀತದೆ," ಎಂದು ಗೊಣಗಿದ.

"ಇಳೀಲಿ," ಎಂದಳು ಅವ್ವ.

ಇಷ್ಟು ವರ್ಷವಾದರೂ ಇಳಿದಿಲ್ಲ. ಕೀಲುಗಳು ತುಕ್ಕು ಹಿಡಿದು ಮೂರು ಸಲ ಬದಲಾಗಿವೆ. ಅಕ್ಷರ ಮಲಗಿದ ಹಾಗೇ ಇವೆ. ಅವತ್ತು ಕೆಲಸ ಮುಗಿದ ಕೂಡಲೇ ಅವ್ವ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಚೊಂಬು ಎಣಿಸಿದೆ. ನಾಲ್ಕಾಯಿತು, ಆರಾಯಿತು, ಹತ್ತರ ಮೇಲೆ ಎಣಿಕೆ ಬಿಟ್ಟೆ. ಆಮೇಲೆ ಒಳಗಿಂದ ಒಂದು ಸೋಬಾನೆ ಪದ ಕೇಳಿಸಿತು. ಮೊದಲು ಮೆಲ್ಲಗೆ, ಆಮೇಲೆ ಬೀದಿಗೆಲ್ಲ ಕೇಳುವಂತೆ. ಅಪ್ಪ ಕೈಯಲ್ಲಿ ತಿರುಪುಳಿ ಹಿಡಿದುಕೊಂಡು ಹಿತ್ತಲಲ್ಲಿ ನಿಂತೇ ಇದ್ದ. ಅವ್ವನಿಗೆ ಹಾಡಲು ಬರುತ್ತದೆಂದು ಅವನಿಗೂ ಗೊತ್ತಾದದ್ದು ಅವತ್ತೇ.